ಪ್ರಾರ್ಥನೆಯ ಪೆಟ್ಟಿಗೆಗೆ ಬಂದ ಎರಡು ಚೀಟಿ

ನಾನು ನಿವೃತ್ತಳಾದ ವಾರದಲ್ಲಿ ನನ್ನ ಜಾಗಕ್ಕೆ ಸೇರಿದ ಹುಡುಗಿ ಮನೆಗೆ ಬಂದು, "ಮಿಸ್, ಚಟುವಟಿಕೆಗಳ ಉಸ್ತುವಾರಿ ಅಂದರೆ ಏನೇನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ" ಎಂದು ಕೇಳಿದಳು. ಬರೆದುಕೊಟ್ಟೆ. ಬೆಳಗಿನ ಅಸೆಂಬ್ಲಿ, ಡ್ಯೂಟಿ ಪಟ್ಟಿ, ಸ್ಕೂಲ್ ಡೇ, ಕ್ರಿಸ್‌ಮಸ್ ಗೋದಲಿ, ವೃದ್ಧಾಶ್ರಮದ ಭೇಟಿ, ಕ್ರೀಡಾದಿನ. ಎಲ್ಲವೂ ಒಂದೇ ಹಾಳೆಗೆ ಹಿಡಿಯಿತು. ಅವಳು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಆ ಹಾಳೆಯಲ್ಲಿ ಬರೆಯಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂಬುದು ಒಂದು ಕಾರಣ. ನಾನು ಮಾಡಿದ್ದು ಎಲ್ಲಾದರೂ ಒಂದು ಕಡೆ ಸರಿಯಾಗಿ ದಾಖಲಾಗಲಿ ಎಂಬುದು ಇನ್ನೊಂದು.

ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ್ದು ಕನಕಪುರ ತಾಲ್ಲೂಕಿನ ಒಂದು ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ. ಶಾಲೆಯ ಹೆಸರನ್ನು ಬರೆಯುವುದಿಲ್ಲ. ಮಕ್ಕಳ ಹೆಸರು, ಸಿಸ್ಟರುಗಳ ಹೆಸರು ಬದಲಾಯಿಸಿದ್ದೇನೆ. ಬೇರೇನನ್ನೂ ಬದಲಾಯಿಸಿಲ್ಲ.

ಕಾಂಪೌಂಡಿನ ಒಂದು ಮಗ್ಗುಲಿಗೆ ಚರ್ಚು, ಇನ್ನೊಂದು ಮಗ್ಗುಲಿಗೆ ಸಿಸ್ಟರುಗಳ ಮನೆ, ನಡುವೆ ಒಂದರಿಂದ ಐದನೆಯ ತರಗತಿಯವರೆಗಿನ ಕೊಠಡಿಗಳು. ಮಕ್ಕಳಲ್ಲಿ ಕ್ರೈಸ್ತರು ತೀರಾ ಕಡಿಮೆ. ಉಳಿದವರೆಲ್ಲ ಸುತ್ತಲ ಹಳ್ಳಿಗಳ ಬೇಸಾಯದ ಮನೆಯವರು, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು. ಟೀಚರುಗಳಲ್ಲೂ ಹೆಚ್ಚಿನವರು ನನ್ನ ಹಾಗೆ ಒಕ್ಕಲು ಮನೆಯಿಂದ ಬಂದವರು. ಆದರೂ ಡಿಸೆಂಬರಿನಲ್ಲಿ ಬಾಲಯೇಸುವಿನ ಗೋದಲಿಗೆ ಹುಲ್ಲು ಹೊಂದಿಸುತ್ತಿದ್ದವರು ನಾವೇ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ "ನಲವತ್ತು ದಿನ ಏನು ಬಿಡ್ತೀಯಾ?" ಎಂದು ಮಕ್ಕಳನ್ನು ಕೇಳುತ್ತಿದ್ದವರೂ ನಾವೇ. ಒಂದು ವರ್ಷ ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ನಾನು ಮುದ್ದೆ ಬುಡ್ತೀನಿ ಮಿಸ್" ಎಂದಳು. ಅವಳ ಹಿಂದಿನವಳು, "ಸುಳ್ಳಿ, ನೀನ್ ಮೊದ್ಲೇ ಮುದ್ದೆ ತಿನ್ನಲ್ವಲ್ಲಮ್ಮಿ" ಎಂದಳು. ಇಂಥದ್ದರಲ್ಲಿ ದಿನಗಳು ಚೆನ್ನಾಗಿಯೇ ಹೋಗುತ್ತಿದ್ದವು. ಚೆನ್ನಾಗಿ ಹೋಗುತ್ತಿದ್ದವು ಎಂಬುದನ್ನೂ ಬರೆಯಬೇಕು.

ನಾನು ಸೇರಿದಾಗ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆಗ್ನೆಸ್. ಗಿಡ್ಡಗೆ, ದಪ್ಪ ಕನ್ನಡಕ, ಮಾತು ಕಡಿಮೆ. ಪ್ರಾರ್ಥನೆಯ ಪೆಟ್ಟಿಗೆಯನ್ನು ಶುರುಮಾಡಿದವರು ಅವರು. ಪಾದ್ರಿಗಳು ಪೂಜೆಯಲ್ಲಿ "ಇಂಥವರಿಗಾಗಿ ಪ್ರಾರ್ಥಿಸೋಣ" ಎಂದು ಒಂದೊಂದೇ ಬಿನ್ನಹ ಹೇಳುತ್ತಾರೆ, ಜನ ಅದಕ್ಕೆ ದನಿಗೂಡಿಸುತ್ತಾರೆ. ಅದನ್ನೇ ಅವರು ಮಕ್ಕಳಿಗೆ ತಂದಿದ್ದರು. ಆಫೀಸಿನ ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ, ಮೇಲೊಂದು ಸೀಳು. ಯಾವ ಮಗುವಿಗೆ ಏನು ಬೇಕೋ ಚೀಟಿಯಲ್ಲಿ ಬರೆದು, ಹೆಸರು ಹಾಕಿ ಒಳಗೆ ಬಿಡಬಹುದು. ಶುಕ್ರವಾರದ ಅಸೆಂಬ್ಲಿಯಲ್ಲಿ ಐದು ಚೀಟಿ ಓದುತ್ತಿದ್ದರು. ಪ್ರತಿಯೊಂದಕ್ಕೂ ಇಡೀ ಶಾಲೆ "ದೇವರೇ, ನಮ್ಮ ಪ್ರಾರ್ಥನೆ ಕೇಳು" ಎನ್ನುತ್ತಿತ್ತು.

ಸಿಸ್ಟರ್ ಆಗ್ನೆಸ್ ಚೀಟಿಗಳನ್ನು ಇದ್ದದ್ದು ಇದ್ದ ಹಾಗೆ ಓದುತ್ತಿದ್ದರು. "ನಮ್ಮ ಎಮ್ಮೆ ಹೆಣ್ಣು ಕರು ಹಾಕಲಿ." "ಕಾಂತಮ್ಮ ಮಿಸ್ ರಜಾ ಹಾಕಲಿ." ಕಾಂತಮ್ಮ ಮಿಸ್ ಪಕ್ಕದಲ್ಲೇ ನಿಂತಿರುತ್ತಿದ್ದರು, ಅವರೂ ನಗುತ್ತಿದ್ದರು. ಓದಿದ ಮೇಲೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಆ ಐದೂ ಮಕ್ಕಳನ್ನು, ಓದದೆ ಉಳಿದ ಚೀಟಿಯ ಮಕ್ಕಳನ್ನು ಕೂಡ, ಆಫೀಸಿಗೆ ಕರೆದು "ಏನು ಮಗು?" ಎಂದು ಕೇಳುತ್ತಿದ್ದರು. ಅಷ್ಟೇ ಪ್ರಶ್ನೆ. ಹಲ್ಲು ನೋವು ಹೋಗಲಿ ಎಂದು ಬರೆದಿದ್ದ ಒಂದು ಮಗುವನ್ನು ಅದೇ ದಿನ ಬಸ್ಸು ಹತ್ತಿಸಿಕೊಂಡು ರಾಮನಗರಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಆಗ ಅದು ಅವರ ಸ್ವಭಾವ ಎಂದುಕೊಂಡಿದ್ದೆ. ಅದೊಂದು ಕೆಲಸದ ವಿಧಾನ ಎಂದು ನನಗೆ ಗೊತ್ತಾಗಲಿಲ್ಲ.

ನನ್ನ ಮೊದಲ ತಪ್ಪು ಅವರ ಕಾಲದಲ್ಲೇ ಆಯಿತು. ಒಂದು ಶುಕ್ರವಾರ ಅವರಿಗೆ ಜ್ವರ. ಪೆಟ್ಟಿಗೆ ನನ್ನ ಕೈಗೆ ಬಂತು. ಅವರು ಚೀಟಿಗಳನ್ನು ಹಿಂದಿನ ಸಂಜೆಯೇ ಓದಿ, ಮೈಕಿಗೆ ತರಬಾರದ್ದನ್ನು ತೆಗೆದಿಡುತ್ತಾರೆಂದು ನನಗೆ ತಿಳಿದಿರಲಿಲ್ಲ. ನಾನು ಮೈಕಿನ ಮುಂದೆ ನಿಂತು ಕೈಗೆ ಸಿಕ್ಕ ಚೀಟಿ ಬಿಡಿಸಿ, ಹೆಸರು ತರಗತಿ ಸಮೇತ ಓದಿದೆ: "ನಮ್ಮಪ್ಪ ಕುಡಿಯೋದು ಬಿಡಲಿ." ಮಕ್ಕಳು "ದೇವರೇ, ನಮ್ಮ ಪ್ರಾರ್ಥನೆ ಕೇಳು" ಎಂದರು.

ಮರುದಿನ ಆ ಮಗುವಿನ ತಂದೆ ಗೇಟಿನ ಹತ್ತಿರ ಬಂದು ನಿಂತ.

"ಯಾವಳವಳು ಮೈಕಲ್ಲಿ ಓದ್ದೋಳು? ಈಚೆಗ್ ಕರೀರಿ! ನಮ್ಮನೇ ಇಚಾರ ಊರಿಗೆಲ್ಲ ಕೂಗಿಸ್ತೀರಲ್ಲ, ನಿಮ್ಗೇನಾರ ನ್ಯಾಯ ಐತಾ? ಇಸ್ಕೂಲ್ ಮಡಗಿದ್ದೀರೋ, ಪಂಚಾಯ್ತಿ ಮಡಗಿದ್ದೀರೋ?"

ಸಿಸ್ಟರ್ ಆಗ್ನೆಸ್ ಜ್ವರದಲ್ಲೇ ಶಾಲು ಹೊದ್ದು ಬಂದು ಅವನ ಮುಂದೆ ಕೈ ಮುಗಿದರು. "ತಪ್ಪು ನಮ್ಮದು" ಎಂದರು. ಅವನು ಮಗುವನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ. ಆ ಹುಡುಗಿ ನನ್ನನ್ನು ನೋಡದೆ ಅವನ ಹಿಂದೆ ನಡೆದುಹೋದಳು. ಆಮೇಲೆ ಅವಳು ಎಲ್ಲಿ ಓದಿದಳೋ ನನಗೆ ಗೊತ್ತಿಲ್ಲ.

ಅಂದಿನಿಂದ ನಾನು ಮಕ್ಕಳ ಮಾತಿಗೆ ಹೆದರಿದೆ.

ಸಿಸ್ಟರ್ ಆಗ್ನೆಸ್ ವರ್ಗವಾಗಿ ಹೋದ ಮೇಲೆ ಬೇರೆ ಬೇರೆಯವರು ಬಂದರು. ಕೊನೆಯ ಆರು ವರ್ಷ ಸಿಸ್ಟರ್ ಲೀನಾ ಇದ್ದರು. ಚಿಕ್ಕ ವಯಸ್ಸು, ಚುರುಕು, ನ್ಯಾಯವಂತೆ. ಅವರ ಬಗ್ಗೆ ಕೆಟ್ಟದ್ದು ಬರೆಯುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಅವರ ಕಾಲಕ್ಕೆ ಶಾಲೆಯ ವಾಟ್ಸಾಪ್ ಗುಂಪು ಬಂತು. ಅಸೆಂಬ್ಲಿಯನ್ನು ಫೋನಿನಲ್ಲಿ ಚಿತ್ರ ಹಿಡಿದು ಪೋಷಕರಿಗೆ ಕಳಿಸುವ ರೂಢಿ ಆಯಿತು. "ಸುಶೀಲಾ ಮಿಸ್, ಪ್ರಾರ್ಥನೆ ಓದುವುದು ಚೆಂದವಾಗಿರಬೇಕು. ಮಕ್ಕಳೇ ಓದಲಿ, ಆದರೆ ಭಾಷೆ ಒಸಿ ನೋಡಿಕೊಳ್ಳಿ" ಎಂದರು. ಮಂಗಳೂರು ಕಡೆಯವರು. ಸ್ವಲ್ಪ ಎನ್ನಲು ನಾವು ಹೇಳುವ "ಒಸಿ"ಯನ್ನು ನಮ್ಮಿಂದ ಕಲಿತು ಎಲ್ಲ ಕಡೆ ಸೇರಿಸುತ್ತಿದ್ದರು.

ನಾನು ನೋಡಿಕೊಂಡೆ. ಗುರುವಾರ ಮಧ್ಯಾಹ್ನ ಪೆಟ್ಟಿಗೆ ತೆರೆದು, ಐದು ಚೀಟಿ ಆರಿಸಿ, ಪ್ರತಿಯೊಂದನ್ನೂ ಹೊಸ ಕಾಗದದಲ್ಲಿ ದುಂಡಗೆ ಬರೆಯುತ್ತಿದ್ದೆ. ಮನೆಯ ವಿಷಯ ಇದ್ದರೆ ಮನೆಯನ್ನು ತೆಗೆದುಬಿಡುತ್ತಿದ್ದೆ. "ಅಜ್ಜಿ ಸಾಯದೆ ಇರಲಿ" ಎಂಬುದು "ಹಿರಿಯರೆಲ್ಲರಿಗೆ ದೇವರು ದೀರ್ಘಾಯುಷ್ಯ ನೀಡಲಿ" ಎಂದಾಗುತ್ತಿತ್ತು. "ಅಪ್ಪ ಅಮ್ಮ ಜಗಳ ಆಡಬಾರದು" ಎಂಬುದು "ಎಲ್ಲ ಕುಟುಂಬಗಳಲ್ಲಿ ಶಾಂತಿ ನೆಲೆಸಲಿ." ಬರೆದ ಮಗುವೇ ಮೈಕಿನ ಮುಂದೆ ಬಂದು ನಾನು ಬರೆದದ್ದನ್ನು ಓದುತ್ತಿತ್ತು. ಒಂದೇ ವಿಷಯ ತಿಂಗಳಲ್ಲಿ ಎರಡು ಸಲ ಬರಬಾರದು ಎಂಬ ನಿಯಮವನ್ನೂ ನಾನೇ ಮಾಡಿದೆ. ಅಜ್ಜಿಯರು, ಎಮ್ಮೆಗಳು ಹೆಚ್ಚಾಗುತ್ತಿದ್ದವು. ಹಳೆಯ ಚೀಟಿಗಳನ್ನು ಎಸೆಯುತ್ತಿರಲಿಲ್ಲ. ದಿನಾಂಕ ಹಾಕಿ ಫೈಲಿನಲ್ಲಿ ಪೋಣಿಸಿ ಇಡುತ್ತಿದ್ದೆ. ಆಫೀಸಿಗೆ ಕರೆದು ಕೇಳುವ ಪದ್ಧತಿ ಯಾವಾಗ ನಿಂತಿತು ಎಂದು ನೆನಪಿಲ್ಲ. ಯಾರೂ ನಿಲ್ಲಿಸಲಿಲ್ಲ. ನಿಂತುಹೋಯಿತು.

ಡ್ಯೂಟಿ ಪಟ್ಟಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅದು ನನ್ನ ಹೆಮ್ಮೆಯ ಕೆಲಸವಾಗಿತ್ತು. ಪ್ರತಿ ತರಗತಿಯ ಗೋಡೆಗೆ ಒಂದು ನೀಲಿ ರಟ್ಟು. ಸೋಮವಾರದಿಂದ ಶನಿವಾರದವರೆಗೆ ಮನೆ ಎಳೆದು ಯಾರ ಸರದಿ ಏನು ಎಂದು ಬರೆದಿರುತ್ತಿತ್ತು. ನೀರಿನ ಡ್ಯೂಟಿ, ದೀಪ ಆರಿಸುವ ಡ್ಯೂಟಿ, ಸಾಲಿನ ಡ್ಯೂಟಿ. ಸರದಿ ಬಂದ ಮಗುವಿಗೆ ಎದೆಗೆ ಚುಚ್ಚಿಕೊಳ್ಳಲು ಒಂದು ಬ್ಯಾಡ್ಜು. ಜ್ವರ ಬಂದರೂ ಡ್ಯೂಟಿ ಇದೆ ಎಂದು ಹಠ ಮಾಡಿ ಶಾಲೆಗೆ ಬರುವ ಮಕ್ಕಳಿದ್ದರು. ಜವಾಬ್ದಾರಿ ಕಲಿಸುತ್ತಿದ್ದೇನೆ ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ.

ಕೋಡಿಹಳ್ಳಿ ಕಡೆಯ ಹಳ್ಳಿಗಳಿಂದ ಹನ್ನೊಂದು ಮಕ್ಕಳು ಒಂದು ವ್ಯಾನಿನಲ್ಲಿ ಬರುತ್ತಿದ್ದರು. ಶಾಲೆಯ ವ್ಯಾನಲ್ಲ, ಪೋಷಕರು ಸೇರಿ ಗೊತ್ತು ಮಾಡಿಕೊಂಡದ್ದು. ಓಡಿಸುತ್ತಿದ್ದವನು ಸಿದ್ದರಾಜು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಮಕ್ಕಳು ಅಂಕಲ್ ಎಂದು ಅವನ ಬೆನ್ನ ಮೇಲೆ ಹತ್ತುತ್ತಿದ್ದರು. ಕ್ರೀಡಾದಿನಕ್ಕೆ ಹಗ್ಗ ಕಟ್ಟಲು, ಶಾಮಿಯಾನಾ ಎಳೆಯಲು ಕರೆಯದೆಯೇ ಬರುತ್ತಿದ್ದ. ಅವನು ರಾತ್ರಿ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಬೆಳಿಗ್ಗೆ ನೇರವಾಗಿ ವ್ಯಾನು ಹತ್ತುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಒಂದು ದಿನ ಗೇಟಿನ ಬಳಿ ಕೇಳಿದ್ದೆ:

"ಏನು ಸಿದ್ದರಾಜು, ಕಣ್ಣು ಹೀಗೆ ಕೆಂಪಗಾಗಿದೆ?"

"ಧೂಳು ಮಿಸ್ಸೇ. ನಮ್ ರೋಡ್ ನೀವ್ ನೋಡಿಲ್ಲ, ಬನ್ನಿ ಒಂದ್ ದಿಸ ಫ್ರೀಯಾಗಿ ಧೂಳ್ ಕುಡಿಸ್ತೀನಿ" ಎಂದು ನಕ್ಕ.

ನಾನೂ ನಕ್ಕು ಒಳಗೆ ಬಂದೆ.

ಆ ವ್ಯಾನಿನಲ್ಲಿ ಬರುತ್ತಿದ್ದವಳು ದೀಕ್ಷಾ, ನಾಲ್ಕನೆಯ ತರಗತಿ. ಎರಡು ಜಡೆ, ಮೆಲ್ಲಗಿನ ದನಿ, ಅಕ್ಷರ ಮುತ್ತಿನ ಹಾಗೆ. ಒಂದು ಗುರುವಾರ ಪೆಟ್ಟಿಗೆಯಲ್ಲಿ ಅವಳ ಚೀಟಿ ಇತ್ತು. ಅದರಲ್ಲಿದ್ದದ್ದು ಇಷ್ಟು:

"ನಮ್ಮ ವ್ಯಾನ್ ಅಂಕಲ್‌ಗೆ ಗಾಡಿ ಓಡಿಸುವಾಗ ನಿದ್ದೆ ಬರದೆ ಇರಲಿ. ದೀಕ್ಷಾ, ನಾಲ್ಕನೇ ತರಗತಿ."

ಆಗ ನನಗೆ ಏನನಿಸಿತು ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಗಾಬರಿ ಆಗಲಿಲ್ಲ. ಎಮ್ಮೆ, ಅಜ್ಜಿ ಬಿಟ್ಟು ಹೊಸ ವಿಷಯ ಬಂತು ಎಂದು ಸಂತೋಷವಾಯಿತು. ಸಿದ್ದರಾಜುವಿಗೆ ಅವಮಾನವಾಗಬಾರದು ಎಂದುಕೊಂಡೆ. ಗೇಟಿನ ಮುಂದೆ ನಿಂತು ಕೂಗಿದ್ದ ಆ ತಂದೆಯ ನೆನಪೂ ಬಂತು. ಹೊಸ ಕಾಗದ ತೆಗೆದು ಬರೆದೆ: "ನಮ್ಮನ್ನು ಪ್ರತಿದಿನ ಶಾಲೆಗೆ ಕರೆತರುವ ಎಲ್ಲ ಚಾಲಕರನ್ನು ದೇವರು ಆಶೀರ್ವದಿಸಲಿ, ಅವರ ಪ್ರಯಾಣ ಸುಖಕರವಾಗಿರಲಿ."

ನಿದ್ದೆ ಎಂಬ ಮಾತು ಎಲ್ಲೂ ಇರಲಿಲ್ಲ. ಶುಕ್ರವಾರ ದೀಕ್ಷಾ ಅದನ್ನು ಸ್ಪಷ್ಟವಾಗಿ ಓದಿದಳು. ಸಿಸ್ಟರ್ ಲೀನಾ ಚಿತ್ರ ಹಿಡಿದರು. ಪೋಷಕರ ಗುಂಪಿನಲ್ಲಿ ತುಂಬಾ ಜನ ಕೈಮುಗಿದ ಗುರುತು ಹಾಕಿದರು. ಸಿದ್ದರಾಜು ಕೂಡ ಹಾಕಿದ್ದ.

ಸುಮಾರು ಎರಡು ವಾರ ಕಳೆದು ಎರಡನೆಯ ಚೀಟಿ ಬಂತು:

"ಮಿಸ್, ಪ್ರಾರ್ಥನೆ ಮಾಡಿದರೂ ಅಂಕಲ್‌ಗೆ ನಿದ್ದೆ ಬರುತ್ತಾ ಇದೆ. ಇನ್ನೊಂದು ಸಲ ಮಾಡಿಸಿ. ದೀಕ್ಷಾ."

ಮೊದಲನೆಯದು ದೇವರಿಗೆ ಬರೆದದ್ದು. ಎರಡನೆಯದು ನನಗೆ ಬರೆದದ್ದು. ಓದಿದೆ. ತಿಂಗಳು ತುಂಬಿರಲಿಲ್ಲ. ಅದೇ ವಿಷಯ. ದಿನಾಂಕ ಹಾಕಿ ಫೈಲಿಗೆ ಪೋಣಿಸಿದೆ. ಮುಂದಿನ ತಿಂಗಳು ನೋಡೋಣ ಎಂದುಕೊಂಡೆ.

ಆ ಮುಂದಿನ ತಿಂಗಳು ಬರುವುದಕ್ಕೆ ಮುಂಚೆ, ಒಂದು ಬುಧವಾರ, ಅಸೆಂಬ್ಲಿಗೆ ಗಂಟೆ ಹೊಡೆದಾಗ ವ್ಯಾನಿನ ಮಕ್ಕಳು ಸಾಲಿನಲ್ಲಿ ಇರಲಿಲ್ಲ. ವ್ಯಾನು ತಡವಾಗುವುದು ಇತ್ತು. ನಾಡಗೀತೆ ಮುಗಿಯಿತು. ಸಿಸ್ಟರ್ ಲೀನಾಗೆ ಫೋನು ಬಂತು. ಅವರು ಫೋನನ್ನು ಕಿವಿಯಿಂದ ತೆಗೆಯದೆ ನನ್ನ ಕಡೆ ನೋಡಿದರು. ನಾನು ಮೈಕಿನಲ್ಲಿ ಮಕ್ಕಳಿಗೆ "ತರಗತಿಗೆ ನಡೆಯಿರಿ" ಎಂದೆ. ದನಿ ಸರಿಯಾಗಿಯೇ ಇತ್ತು ಎಂದು ಆಮೇಲೆ ಬೇರೆಯವರು ಹೇಳಿದರು.

ರಸ್ತೆಯ ಒಂದು ತಿರುವಿನಲ್ಲಿ ವ್ಯಾನು ತಿರುಗದೆ ನೇರವಾಗಿ ಹೋಗಿ ಹುಣಸೆಮರಕ್ಕೆ ಗುದ್ದಿತ್ತು. ಬ್ರೇಕು ಹಾಕಿದ ಗುರುತು ಇರಲಿಲ್ಲ. ಅಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದು ರಸ್ತೆ ಬದಿಯಲ್ಲಿ ಮಲಗಿಸಿದ್ದರು. ನಾವು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲರನ್ನೂ ಕರೆತಂದಿದ್ದರು. ಎರಡನೆಯ ತರಗತಿಯ ಪ್ರಿಯಾ ಮುಂದಿನ ಸೀಟಿನಲ್ಲಿ ದೀಕ್ಷಾಳ ಪಕ್ಕ ಕೂತಿದ್ದಳು. ಅವಳು ಬದುಕಲಿಲ್ಲ. ಅವಳ ಒಂದು ಕಾಲಿನಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಬರೀ ಕಾಲುಚೀಲ. ಗುರುತು ಹಿಡಿಯಲು ನನ್ನನ್ನು ಕರೆದರು. ಹೆಸರು, ತರಗತಿ ಹೇಳಿದೆ. ತಂದೆಯ ಹೆಸರು ಕೇಳಿದರು. ನೆನಪಾಗಲಿಲ್ಲ. ಎರಡು ವರ್ಷ ಆ ಮಗುವನ್ನು ಗೇಟಿನಲ್ಲಿ ಬರಮಾಡಿಕೊಂಡಿದ್ದೆ.

ಸಿದ್ದರಾಜುವಿನ ಎರಡೂ ಕಾಲು ಮುರಿದಿದ್ದವು. ಕಣ್ಣು ತೆರೆದುಕೊಂಡು ಮಲಗಿದ್ದ.

ದೀಕ್ಷಾಳ ಬಲಗೈ ಮುರಿದಿತ್ತು. ಹಣೆಗೆ ಹೊಲಿಗೆ. ನಾನು ಹತ್ತಿರ ಹೋದಾಗ ಅವಳೇ ಮೊದಲು ಮಾತಾಡಿದಳು.

"ಮಿಸ್, ಇವತ್ತು ನನ್ ಡ್ಯೂಟಿ."

"ಯಾವ ಡ್ಯೂಟಿ ಮಗಳೇ?"

"ಅಂಕಲ್‌ನ ಎಬ್ಬಿಸೋ ಡ್ಯೂಟಿ. ಬುಧವಾರ ನಂದು. ಮುಂದೆ ಕೂತ್ಕಂಡು ಮಗ್ಗಿ ಕೇಳ್ತಾ ಇರ್ಬೇಕು. ಹೇಳ್ಲಿಲ್ಲ ಅಂದ್ರೆ ಚಿವುಟ್ಬೇಕು." ಆಮೇಲೆ ಹೇಳಿದಳು: "ಇವತ್ತು ಡಿಕ್ಟೇಷನ್ ಇತ್ತಲ್ಲ ಮಿಸ್. ನಾನು ಪುಸ್ತಕ ನೋಡ್ತಿದ್ದೆ."

ಅವಳ ಬ್ಯಾಗು ಆಮೇಲೆ ಶಾಲೆಗೆ ಬಂತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಸ್ಕೇಲು ಇಟ್ಟು ಗೆರೆ ಎಳೆದು, ಸೋಮವಾರದಿಂದ ಶನಿವಾರದವರೆಗೆ ಆರು ಮಕ್ಕಳ ಹೆಸರು ಬರೆದಿತ್ತು. ಮೇಲೆ ದೊಡ್ಡದಾಗಿ "ಎಬ್ಬಿಸುವ ಡ್ಯೂಟಿ." ನನ್ನ ನೀಲಿ ರಟ್ಟಿನಲ್ಲಿ ಮನೆಗಳು ಇದ್ದ ಹಾಗೆಯೇ ಇತ್ತು. ಅಗಲದಲ್ಲೂ ವ್ಯತ್ಯಾಸ ಇರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಸಿಸ್ಟರ್ ಲೀನಾ ಅವರನ್ನೂ ನನ್ನನ್ನೂ ಒಟ್ಟಿಗೆ ಕೂರಿಸಿ ಕೇಳಿದರು: "ಈ ಚಾಲಕನ ಬಗ್ಗೆ ಶಾಲೆಗೆ ಮೊದಲೇ ಏನಾದರೂ ದೂರು ಬಂದಿತ್ತೇ?" ಸಿಸ್ಟರ್, "ಇಲ್ಲ" ಎಂದರು. ಅವರಿಗೆ ಗೊತ್ತಿದ್ದಷ್ಟು ಅದು ನಿಜ. ಅಧಿಕಾರಿ ನನ್ನ ಕಡೆ ತಿರುಗಿದರು. ನಾನೂ "ದೂರು ಬಂದಿಲ್ಲ" ಎಂದೆ. ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಸಹಿ ಹಾಕುವಾಗ ಆ ಎರಡು ಚೀಟಿ ನೆನಪಿರಲಿಲ್ಲ ಎಂದು ಬರೆಯಬಹುದು, ಯಾರೂ ಅಲ್ಲಗಳೆಯಲಾರರು. ನೆನಪಿತ್ತು. ಅದು ದೂರು ಅಲ್ಲ, ಪ್ರಾರ್ಥನೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ತಡೆದು ಫೈಲು ತೆಗೆದುಕೊಂಡು ಸಿಸ್ಟರ್ ಲೀನಾ ಹತ್ತಿರ ಹೋದೆ. ಅವರು ಚೀಟಿಗಳನ್ನು ಎರಡು ಸಲ ಓದಿದರು.

"ಇದನ್ನು ನನಗೆ ಯಾಕೆ ತೋರಿಸಲಿಲ್ಲ ಮಿಸ್?"

"ಭಾಷೆ ತಿದ್ದಿ ಓದಿಸಿದ್ದೆ ಸಿಸ್ಟರ್."

"ನಾನೇ ಹೇಳಿದ್ದೆ ಅಲ್ವಾ, ಭಾಷೆ ನೋಡಿಕೊಳ್ಳಿ ಅಂತ" ಎಂದರು. ಆಮೇಲೆ, "ನಾವಿಬ್ಬರೂ ಹೋಗೋಣ. ಈಗಲೇ" ಎಂದು ಎದ್ದರು.

ಹೇಳಿಕೆ ಬದಲಾಯಿಸಿ ಬರೆದುಕೊಟ್ಟೆವು. ಚೀಟಿಗಳ ಮೂಲ ಪ್ರತಿ ಕೊಟ್ಟು ಜೆರಾಕ್ಸ್ ಇಟ್ಟುಕೊಂಡೆವು. ಅಧಿಕಾರಿ ಚೀಟಿಗಳನ್ನು ತಿರುಗಿಸಿ ನೋಡಿ, "ಮಕ್ಕಳು ಬರೆದದ್ದಲ್ವಾ ಮೇಡಂ" ಎಂದು ಕಡತಕ್ಕೆ ಸೇರಿಸಿದರು. ಅದರಿಂದ ನನಗೆ ಏನೂ ಆಗಲಿಲ್ಲ. ಶಾಲೆಗೂ ಏನೂ ಆಗಲಿಲ್ಲ. ಕೇಸು ಸಿದ್ದರಾಜುವಿನ ಮೇಲೆ ನಡೆಯಿತು.

ಪ್ರಿಯಾಳ ಮನೆಗೂ ನಾವು ಹೋದೆವು. ಹೇಳಬೇಕಾದದ್ದನ್ನು ಹೇಳಿದೆವು. ಅಲ್ಲಿ ನಡೆದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಕೈಗೆ ಹಾಕಿದ್ದ ಕಟ್ಟು ಬಿಚ್ಚಿದ ಮೇಲೆ ದೀಕ್ಷಾ ಶಾಲೆಗೆ ಬಂದಳು. ಅಪ್ಪ ಬೈಕಿನಲ್ಲಿ ತಂದು ಬಿಡುತ್ತಿದ್ದ. ಅವಳು ಅಳುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ನೀರಿನ ಡ್ಯೂಟಿ ಕೊಟ್ಟಾಗ ಬ್ಯಾಡ್ಜನ್ನು ಕೈಯಲ್ಲಿ ಹಿಡಿದು ನೋಡಿ ಮೇಜಿನ ಮೇಲೆ ಇಟ್ಟಳು. ಎಡಗೈಯ ಮೊಣಕೈ ಕೆಳಗೆ ನೀಲಿ ಕಲೆಗಳು ಕಂಡವು. ತಾಯಿ ಸವಿತಾಳನ್ನು ಕರೆಸಿ ಕೇಳಿದೆ.

"ಅವ್ಳೇ ಚಿವುಟ್ಕತಾಳೆ ಮಿಸ್ಸೇ. ನೆನ್ನೆ ಮೊನ್ನೆದಲ್ಲ. ಮನೇಲೂ ಅಷ್ಟೆ. ಅವರಪ್ಪ ಉಂಡ್ಬುಟ್ಟು ಒಸಿ ಕಣ್ಮುಚ್ಚುದ್ರೆ ಸಾಕು, ಓಗಿ ಚಿವುಟ್ತಾಳೆ. ಬಸ್ನಲ್ಲಿ ಅವ್ರಜ್ಜಿ ತೂಕಡಿಸಿದ್ರೆ ಎಬ್ಬಿಸ್ತಾಳೆ. ರಾತ್ರೆಲ್ಲ ಎದ್ದೇ ಇರ್ತಾಳೆ. 'ಯಾಕಮ್ಮಿ' ಅಂದ್ರೆ, 'ನಾನು ಪುಸ್ತಕ ನೋಡ್ಬಾರ್ದಾಗಿತ್ತು' ಅಂತಾಳೆ. ದೇವ್ರೂ ನನ್ ಮಾತ್ ಕೇಳ್ಲಿಲ್ಲ ಅಂತಾಳೆ. ಅದೇನ್ ಮಾತೋ ನಮಗ್ ಗೊತ್ತಿಲ್ಲ."

ತಾಯಿಗೆ ಗೊತ್ತಿರಲಿಲ್ಲ. ಚೀಟಿಯ ವಿಷಯ ದೀಕ್ಷಾ ಮನೆಯಲ್ಲಿ ಹೇಳಿರಲಿಲ್ಲ. ಶಾಲೆಯಲ್ಲಿ ಹೇಳಿದ್ದಳು, ಅಷ್ಟು ಸಾಕು ಎಂದುಕೊಂಡಿದ್ದಳು.

ಸಿಸ್ಟರ್ ಲೀನಾ ಆಪ್ತಸಮಾಲೋಚಕಿಯೊಬ್ಬರನ್ನು ಬೆಂಗಳೂರಿನಿಂದ ಕರೆಸಿದರು. ಅವರು ನಾಲ್ಕು ಸಲ ಬಂದು ದೀಕ್ಷಾಳ ಜೊತೆ ಕೂತರು. ಹೋಗುವಾಗ ನನ್ನನ್ನು ಕರೆದು, "ಅವಳಿಗೆ 'ನಿನ್ನ ತಪ್ಪಲ್ಲ' ಅಂತ ಎಲ್ಲರೂ ಹೇಳಿದ್ದಾರೆ. ಯಾರ ತಪ್ಪು ಅಂತ ಯಾರೂ ಹೇಳಿಲ್ಲ" ಎಂದರು. ಅವರಿಗೆ ನಾನು ಚೀಟಿಯ ವಿಷಯ ಹೇಳಿದ್ದೆ. ಅಷ್ಟು ಹೇಳಿ ಹೊರಟರು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ಇದೇ ಜಾಗದಲ್ಲಿದೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯನ್ನು ತೆಗೆಯಬೇಡಿ. ತೆಗೆದರೆ ಮಕ್ಕಳಿಗೆ ಹೇಳಲು ಇರುವ ಜಾಗವೂ ಹೋಗುತ್ತದೆ. ಮೈಕಿನಲ್ಲಿ ಏನು ಓದಬೇಕು ಎಂಬುದು ಚಿಕ್ಕ ಪ್ರಶ್ನೆ. ಚೀಟಿ ಬಿಡಿಸಿದ ದಿನವೇ ಆ ಮಗುವನ್ನು ಕರೆದು ಕೂರಿಸಿಕೊಂಡು ಕೇಳಿ. ಮಕ್ಕಳು ಸುತ್ತಿಬಳಸಿ ಬರೆಯುವುದಿಲ್ಲ. ನಿದ್ದೆ ಎಂದು ಬರೆದಿದ್ದರೆ ನಿದ್ದೆ ಎಂದೇ ಅರ್ಥ. ದೊಡ್ಡವರು ಮಾಡಬೇಕಾದ ಕೆಲಸವನ್ನು ಮಕ್ಕಳು ಸರದಿ ಹಾಕಿಕೊಂಡು ಮಾಡುತ್ತಿದ್ದರೆ, ಅದನ್ನು ಜವಾಬ್ದಾರಿ ಎಂದು ಕರೆಯಬೇಡಿ.

ಒಂದು ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ದೀಕ್ಷಾಳ ಊರಿಗೆ ಹೋದೆ. ನಿವೃತ್ತಿಗೆ ಇನ್ನೂ ಸ್ವಲ್ಪ ದಿನ ಇತ್ತು. ಚೀಟಿಗಳ ಜೆರಾಕ್ಸನ್ನೂ, ಮೈಕಿಗೆಂದು ನಾನು ಬರೆದಿದ್ದ ಕಾಗದವನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅಂಗಳದಲ್ಲಿ ಅವರಪ್ಪ ಚಾಪೆಯ ಮೇಲೆ ಒರಗಿದ್ದ. ದೀಕ್ಷಾ ಅವನ ತಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಎದ್ದು ಕೂತು, "ಬನ್ನಿ ಮಿಸ್ಸೇ. ನಮ್ಮನೇಲಿ ಮನಿಕ್ಕಳಕ್ಕೂ ಪರ್ಮಿಷನ್ ಬೇಕು ನೋಡಿ" ಎಂದು ನಗಲು ನೋಡಿದ. ನಗು ಬರಲಿಲ್ಲ. ಸವಿತಾ ನೀರು ತಂದುಕೊಟ್ಟಳು. ನಾನು ನೆಲದ ಮೇಲೆ ದೀಕ್ಷಾಳ ಎದುರಿಗೆ ಕೂತೆ.

"ದೀಕ್ಷಾ, ನೀನು ಪೆಟ್ಟಿಗೆಗೆ ಎರಡು ಚೀಟಿ ಹಾಕಿದ್ದೆ."

ತಲೆಯಾಡಿಸಿದಳು.

ಮೊದಲನೆಯ ಚೀಟಿ ಓದಿದೆ. ಆಮೇಲೆ ಅವಳು ಮೈಕಿನಲ್ಲಿ ಓದಿದ್ದ ಕಾಗದ ಓದಿದೆ. ಎರಡನ್ನೂ ಅವಳ ಮುಂದೆ ಇಟ್ಟೆ.

"ಇದು ನೀನು ಬರೆದದ್ದು. ಇದು ನಾನು ಬರೆದದ್ದು. ನೀನು ನಿದ್ದೆ ಅಂತ ಬರೆದಿದ್ದೆ. ನಾನು ಅದನ್ನು ತೆಗೆದುಹಾಕಿದೆ. ಯಾರಿಗೂ ಹೇಳಲಿಲ್ಲ."

"ಸಿಸ್ಟರ್‌ಗೆ?"

"ಹೇಳಲಿಲ್ಲ."

"ನಮ್ಮಪ್ಪಂಗೆ?"

"ಇಲ್ಲ."

ಅವರಪ್ಪ ಚಾಪೆಯಿಂದ ಎದ್ದು ಬಂದು ಚೀಟಿಯ ಮೇಲೆ ಬಗ್ಗಿ ಓದಿದ. ಕಂಬ ಹಿಡಿದುಕೊಂಡು ನಿಂತ.

"ಎರಡನೇದು?" ಎಂದಳು ದೀಕ್ಷಾ.

"ಅದನ್ನೂ ಓದಿದೆ. ಓದಿ ಫೈಲಿಗೆ ಹಾಕಿದೆ."

"ಯಾಕೆ?"

"ಒಂದೇ ವಿಷಯ ತಿಂಗಳಲ್ಲಿ ಎರಡು ಸಲ ಬರಬಾರದು ಅಂತ ನಾನು ನಿಯಮ ಮಾಡಿದ್ದೆ."

ಅವಳು ಚೀಟಿಯನ್ನು ನೋಡಿದಳು. ಹುಬ್ಬು ಗಂಟು ಹಾಕಿಕೊಂಡು, ಕಷ್ಟದ ಲೆಕ್ಕ ಬಿಡಿಸುವಾಗ ಮಾಡುವ ಹಾಗೆ, ಬಹಳ ಹೊತ್ತು ನೋಡಿದಳು.

"ದೇವ್ರಿಗೆ ಕೇಳಿಸ್ಲಿಲ್ಲ ಅನ್ಕಂಡಿದ್ದೆ" ಎಂದಳು. "ನಿಮಗೆ ಕೇಳಿಸಿತ್ತಾ ಮಿಸ್?"

"ಕೇಳಿಸಿತ್ತು."

ಅವಳು ಎರಡೂ ಕಾಗದಗಳನ್ನು ಎತ್ತಿ ನನ್ನ ಮೇಲೆ ಎಸೆದಳು.

"ಮತ್ತೆ ನೀವ್ಯಾಕ್ ಎಬ್ಬಿಸ್ಲಿಲ್ಲ? ನೀವ್ ದೊಡ್ಡೋರಲ್ವಾ? ನಾವು ಚಿವುಟಿ ಚಿವುಟಿ ಕರ್ಕಂಡ್ ಬತ್ತಿದ್ವಿ! ಪ್ರಿಯಾ ಚಿಕ್ಕೋಳು, ಅವ್ಳಿಗೆ ನಾವು ಡ್ಯೂಟಿನೇ ಹಾಕಿರ್ಲಿಲ್ಲ! ಹೋಗಿ, ನಮ್ಮನೆಗೆ ಬರ್ಬೇಡಿ. ಹೋಗಿ!"

"ಏಯ್, ಏನಮ್ಮಿ ಅದು! ಮಿಸ್ಸಿಗೆ ಅಂಗಂತಾರಾ?" ಎಂದು ಸವಿತಾ ಅವಳ ತೋಳು ಹಿಡಿಯಲು ಬಂದಳು.

"ಅನ್ನಲಿ ಬಿಡವ್ವ" ಎಂದೆ.

ಅವಳು ಅಳುತ್ತಾ ಬೈದಳು, ಬೈಯುತ್ತಾ ಅತ್ತಳು. ದನಿ ಪೂರ್ತಿ ಒಡೆದುಹೋಗುವ ತನಕ ನಾನು ಅಲ್ಲಿಂದ ಏಳಲಿಲ್ಲ. ನನ್ನ ಸಮಾಧಾನಕ್ಕೆ ಒಂದು ಮಾತೂ ಸೇರಿಸಲಿಲ್ಲ. ಅವಳು ಅಮ್ಮನ ಮಡಿಲಿಗೆ ಬಿದ್ದ ಮೇಲೆ ಕಾಗದಗಳನ್ನು ಅಲ್ಲೇ ಬಿಟ್ಟು ಎದ್ದೆ. ಅವರಪ್ಪ ನನ್ನನ್ನು ಕಳಿಸಿಕೊಡಲು ಬರಲಿಲ್ಲ. ಅದು ಸರಿಯಾಗಿತ್ತು.

ಆಮೇಲೆ ಶಾಲೆಯಲ್ಲಿ ದೀಕ್ಷಾ ನನ್ನ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದಳು. ನನಗೆ ಗುಡ್ ಮಾರ್ನಿಂಗ್ ಹೇಳುತ್ತಿರಲಿಲ್ಲ. ಬೇರೆ ಟೀಚರುಗಳು ಗದರಲು ಹೋದಾಗ ನಾನು ತಡೆದೆ. ಕೈಯ ಮೇಲಿನ ಕಲೆಗಳು ಹಸಿರಾಗಿ, ಹಳದಿಯಾಗಿ, ಕಾಣದಾದವು. ಹೊಸ ಕಲೆ ಮೂಡಲಿಲ್ಲ.

ನಿವೃತ್ತಳಾದ ಮೇಲೆ ಒಂದು ದಿನ ಸವಿತಾ ಫೋನು ಮಾಡಿದಳು.

"ಈಗ ರಾತ್ರಿ ಮನಿಕ್ಕತಾಳೆ ಮಿಸ್ಸೇ. ಅವರಪ್ಪ ತೂಕಡಿಸಿದ್ರೂ ಸುಮ್ನಿರ್ತಾಳೆ. ನಿಮ್ಮೆಸ್ರು ಎತ್ತಿದ್ರೆ ಮಾತ್ರ ಎದ್ದು ಒಳಿಕ್ಕೆ ಒಂಟೋಯ್ತಾಳೆ. ಬೇಜಾರ್ ಮಾಡ್ಕಬ್ಯಾಡಿ."

"ಹೋಗಲಿ ಸವಿತಾ" ಎಂದೆ. "ನನ್ನ ಹೆಸರು ಎತ್ತಬೇಡ."